ಲಂಡನ್ನಿನ ಅರವಟ್ಟಿಗೆಗಳು

ಬಾಯಾರಿದವನಿಗೆ ಒಳ್ಳೆಯ ನೀರನ್ನು ಒದಗಿಸದೆ ಮದ್ಯವನ್ನು ಬಿಡು ಎಂದರೆ ಅವನು ಕೇಳುವನೇ? ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ವೃತ್ತಾಂತವನ್ನು ಓದುವಾಗ ವೈದ್ಯರಾದ ನಮ್ಮಲ್ಲಿ ಏಳುವ ಪ್ರಶ್ನೆಯಿದು. ಅಲ್ಲಿಯ ಕೂಲಿಕಾರರು ಬಿಯರಿಗೆ ಕೈಚಾಚುತ್ತಿದ್ದುದು ಕೇವಲ ಚಟದಿಂದಲ್ಲ. ಬೀದಿಯ ನೀರನ್ನು ನಂಬುವಂತಿರಲಿಲ್ಲ. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಒಂದೇ ಪಂಪಿನ ನೀರಿನಿಂದ ಕಾಲರಾ ಹರಡಿತೆಂಬುದನ್ನು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಆ ರೋಗದಿಂದ ಸಾಯಲಿಲ್ಲ. ಇದು ಮದ್ಯದ ಮಹಿಮೆಯೆಂದು ಯಾರೂ ಹಿಗ್ಗಬೇಕಾಗಿಲ್ಲ. ಬಿಯರನ್ನು ತಯಾರಿಸುವಾಗ ನೀರು ಕುದಿದಿರುತ್ತದೆ. ಕಾರ್ಖಾನೆಯೊಳಗೆ ಬೇರೊಂದು ಬಾವಿಯೂ ಇತ್ತು.

ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಗರ್ನಿ ಹಾಗೂ ವಕೀಲ ಎಡ್ವರ್ಡ್ ವೇಕ್‌ಫೀಲ್ಡ್ 1859ರಲ್ಲಿ ಒಂದು ಸಂಘವನ್ನು ಕಟ್ಟಿ, ಏಪ್ರಿಲ್ 21ರಂದು ಸೇಂಟ್ ಸೆಪಲ್ಕರ್ ಚರ್ಚಿನ ಬಳಿ ಮೊದಲ ಕುಡಿಯುವ ನೀರಿನ ಕಾರಂಜಿಯನ್ನು ತೆರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ವರ್ಷಪೂರ್ತಿ ನಡೆಯುವ ಅರವಟ್ಟಿಗೆ. ದಿನಕ್ಕೆ ಸುಮಾರು 7,000 ಜನ ಅಲ್ಲಿ ನೀರು ಕುಡಿಯುತ್ತಿದ್ದರೆಂದು ದಾಖಲಾಗಿದೆ. ನೀರು ಶುದ್ಧವೂ ತಂಪೂ ಆಗಿರಲೇಬೇಕೆಂಬುದು ಸಂಘದ ನಿಯಮ. ಪಾನನಿರೋಧದ ಕಾರ್ಯಕರ್ತರು ಇದನ್ನು ಉತ್ಸಾಹದಿಂದ ಬೆಂಬಲಿಸಿದರು. ಎಷ್ಟೋ ಕಾರಂಜಿಗಳು ಮದ್ಯದಂಗಡಿಗಳ ಎದುರಿಗೇ ನಿಂತವು. ಉಪದೇಶಕ್ಕಿಂತ ಈ ಸ್ಥಳದ ಆಯ್ಕೆಯೇ ಜಾಣತನದ್ದೆಂದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲಿ ಹೆನ್ರಿ ಕಾಗ್ಸ್‌ವೆಲ್ ಎಂಬ ದಂತವೈದ್ಯರು ತಮ್ಮ ಹಣದಿಂದ ಇಂಥವನ್ನು ಹಲವು ನಗರಗಳಿಗೆ ಕೊಟ್ಟರು. ಕೆಲವುದರ ಮೇಲೆ ತಮ್ಮದೇ ಪ್ರತಿಮೆಯನ್ನು ನಿಲ್ಲಿಸಿದ್ದನ್ನು ಮಾತ್ರ ಜನ ಮೆಚ್ಚಲಿಲ್ಲ!

ದಾಹಕ್ಕೂ ಮದ್ಯಕ್ಕೂ ಇರುವ ನಂಟು ವಿಚಿತ್ರವಾದುದು. ಚರಕಾಚಾರ್ಯರು ಮದ್ಯಕ್ಕೆ ಹೇಳಿರುವ ಹತ್ತು ಗುಣಗಳಲ್ಲಿ ಉಷ್ಣ, ತೀಕ್ಷ್ಣ, ರೂಕ್ಷಗಳು ಸೇರಿವೆ. ರೂಕ್ಷವೆಂದರೆ ಒಣಗಿಸುವ ಗುಣ. ಆಧುನಿಕ ವೈದ್ಯಶಾಸ್ತ್ರವೂ ಇದನ್ನೇ ಬೇರೆ ರೀತಿಯಲ್ಲಿ ವಿವರಿಸುತ್ತದೆ. ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನನ್ನು ಮದ್ಯವು ತಗ್ಗಿಸುವುದರಿಂದ ಮೂತ್ರ ಹೆಚ್ಚುತ್ತದೆ. ನೀರಡಿಕೆಗೆಂದು ಕುಡಿದವನು ಮತ್ತೆ ನೀರಡಿಸುತ್ತಾನೆ. ಮತ್ತೆ ಅಂಗಡಿಯ ಕಡೆ ನಡೆಯುತ್ತಾನೆ. ಬಿಸಿಲಿನಲ್ಲಿ ದುಡಿಯುವವರು ಚಿಕಿತ್ಸೆಗೆ ಬಂದಾಗ ಎಷ್ಟು ಕುಡಿಯುತ್ತೀರಿ ಎಂದು ಕೇಳುವ ಮೊದಲು, ಕೆಲಸದ ಜಾಗದಲ್ಲಿ ನೀರಿದೆಯೇ ಎಂದು ನಾವು ಕೇಳುವುದು ಇದಕ್ಕಾಗಿಯೇ.

ಆ ಕಾರಂಜಿಗಳಲ್ಲಿ ಒಂದು ದೋಷವಿತ್ತು. ಸರಪಳಿಯಿಂದ ಬಿಗಿದ ಒಂದೇ ಲೋಟಕ್ಕೆ ಎಲ್ಲರೂ ತುಟಿಯಿಡುತ್ತಿದ್ದರು. ಬೊಗಸೆಗೆ ನೀರೆರೆಯುವ ನಮ್ಮ ಹಳೆಯ ಕ್ರಮದಲ್ಲಿ ಈ ಭಯವಿಲ್ಲ. 1909ರಲ್ಲಿ ಅಮೆರಿಕದ ಕ್ಯಾನ್ಸಾಸ್ ರಾಜ್ಯವು ಇಂಥ ಸಾಮೂಹಿಕ ಲೋಟವನ್ನು ನಿಷೇಧಿಸಿತು. ಕ್ರಮೇಣ, ನೀರು ನೇರವಾಗಿ ಬಾಯಿಗೆ ಚಿಮ್ಮುವ ನಲ್ಲಿಗಳು ಬಳಕೆಗೆ ಬಂದವು.