ಲಿಗಿಯಳ ಕಥೆಯನ್ನು ಓದುವ ಬಗೆ

ಓದತಕ್ಕ ಭಾಗಗಳು: ಯೋಹಾನ 21:18–19, 1 ಕೊರಿಂಥ 7:12–16, 39



ಅಡಿಕೆ ಕೊಯ್ಲು ಮುಗಿದ ಬಳಿಕ ಚನ್ನಗಿರಿ ಸೀಮೆಯ ಒಂದು ಸಭೆಯ ಓದುಕೂಟದಲ್ಲಿ ನಾವು “ಕ್ವೋ ವಾದಿಸ್” ಎಂಬ ಕಾದಂಬರಿಯ ಕಥೆಯನ್ನು ಸಂಜೆಗಿಷ್ಟರಂತೆ ಕನ್ನಡದಲ್ಲಿ ಹೇಳುತ್ತ ಬಂದೆವು. ಇದನ್ನು ಬರೆದವನು ಪೋಲೆಂಡ್ ದೇಶದ ಹೆನ್ರಿಕ್ ಸಿಯೆನ್ಕಿಯೆವಿಚ್. 1895ರಿಂದ ವರ್ತಮಾನಪತ್ರದಲ್ಲಿ ಬಿಡಿಬಿಡಿಯಾಗಿ ಬಂದು 1896ರಲ್ಲಿ ಪುಸ್ತಕವಾಯಿತು. ಗ್ರಂಥಕರ್ತನಿಗೆ 1905ರಲ್ಲಿ ನೊಬೆಲ್ ಬಹುಮಾನವೂ ದೊರೆಯಿತು.

ಕಥಾಸಾರವಿದು. ನೀರೋ ಚಕ್ರವರ್ತಿಯ ಕಾಲದಲ್ಲಿ ಲಿಗಿಯ ಎಂಬ ಕ್ರೈಸ್ತ ಕನ್ಯೆಯು ಒತ್ತೆಯಾಗಿ ರೋಮಾಪುರದಲ್ಲಿರುತ್ತಾಳೆ. ವಿನಿಸಿಯಸ್ ಎಂಬ ಸೈನ್ಯಾಧಿಕಾರಿಯು ಆಕೆಯನ್ನು ಮೋಹಿಸಿ, ರಾಜಾಜ್ಞೆಯಿಂದ ತನ್ನ ಮನೆಗೆ ತರಿಸಲೆತ್ನಿಸುತ್ತಾನೆ. ಆಕೆ ತಪ್ಪಿಸಿಕೊಳ್ಳುತ್ತಾಳೆ. ಬಲಾತ್ಕಾರವಾಗಿ ಒಯ್ಯಲು ಹೋದವನು ಗಾಯಗೊಂಡು ಬೀಳಲು, ಅವನು ಬೆನ್ನಟ್ಟಿದ ಕ್ರೈಸ್ತರೇ ಅವನಿಗೆ ಆರೈಕೆ ಮಾಡುತ್ತಾರೆ. ಅಲ್ಲಿಂದ ಅವನ ಹೃದಯವು ತಿರುಗತೊಡಗುತ್ತದೆ.

1. ಚರಿತ್ರೆಯೆಷ್ಟು, ಕಲ್ಪನೆಯೆಷ್ಟು? ಜಗಳೂರಿನವರಿಗೆ ಚಿತ್ರದುರ್ಗವು ದೂರವಲ್ಲ. ತ. ರಾ. ಸುಬ್ಬರಾಯರ “ದುರ್ಗಾಸ್ತಮಾನ”ದಲ್ಲಿ ಕೋಟೆಯೂ ಮದಕರಿ ನಾಯಕನೂ 1779ರ ಪತನವೂ ನಿಜ. ಪಾತ್ರಗಳು ಏಕಾಂತದಲ್ಲಾಡುವ ಮಾತುಗಳು ಮಾತ್ರ ಕವಿಯವು. ಇಲ್ಲಿಯೂ ಹಾಗೆಯೇ. ಕ್ರಿ. ಶ. 64ರಲ್ಲಿ ರೋಮಾಪುರವು ಸುಟ್ಟದ್ದೂ, ನೀರೋ ಆ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಕ್ರೂರವಾಗಿ ಕೊಲ್ಲಿಸಿದ್ದೂ ಸುಮಾರು 50 ವರ್ಷಗಳ ತರುವಾಯ ಬರೆದ ಟಾಸಿಟಸನ ಚರಿತ್ರೆಯಲ್ಲಿದೆ, ಅವನು ಕ್ರೈಸ್ತನಲ್ಲ. ಲಿಗಿಯಳೂ ವಿನಿಸಿಯಸನೂ ಕಲ್ಪಿತರು.

2. ಪೇತ್ರನ ಸಂಗತಿ. ಹಿಂಸೆಗೆ ಹೆದರಿ ಊರು ಬಿಟ್ಟ ಪೇತ್ರನಿಗೆ ಕರ್ತನು ದಾರಿಯಲ್ಲಿ ಎದುರಾದನೆಂಬ ಪ್ರಸಂಗದಿಂದಲೇ ಪುಸ್ತಕಕ್ಕೆ ಹೆಸರು ಬಂದಿದೆ. ಲತೀನ್ ಭಾಷೆಯಲ್ಲಿ ಅದಕ್ಕೆ “ಎಲ್ಲಿಗೆ ಹೋಗುತ್ತೀ” ಎಂದರ್ಥ. ಇದು ಸತ್ಯವೇದದಲ್ಲಿಲ್ಲ, ಎರಡನೆಯ ಶತಮಾನದ “ಪೇತ್ರನ ಕೃತ್ಯಗಳು” ಎಂಬ ಹೊರಗಣ ಬರಹದಿಂದ ಬಂದದ್ದು. ಯೋಹಾನನ ಸುವಾರ್ತೆಯು ಪೇತ್ರನ ಮರಣವನ್ನು ಸೂಚಿಸುತ್ತದೆ. ಈ ದರ್ಶನವನ್ನು ಹೇಳುವುದಿಲ್ಲ. ಆದಕಾರಣ ಇದನ್ನು ಕಥೆಯೆಂದೇ ಹೇಳಬೇಕು. ಪ್ರಸಂಗದಲ್ಲಿ ವಾಕ್ಯವೆಂದು ಹೇಳಬಾರದು.

3. ವಿವಾಹದ ಸಂಗತಿ. ಕಥೆ ಮುಗಿದ ರಾತ್ರಿ ಒಬ್ಬ ಯುವತಿಯು ಹಿಂದುಳಿದು ಹೀಗೆ ಕೇಳಿದಳು: “ಅಯ್ಯನವರೇ, ನನ್ನನ್ನು ಕೇಳಿರುವವರು ಮದುವೆಯಾದ ಮೇಲೆ ನಂಬುತ್ತೇನೆ ಅನ್ನುತ್ತಾರೆ. ವಿನಿಸಿಯಸ್ ತಿರುಗಲಿಲ್ಲವೇ?”

ನಾವು ತುಸು ಹೊತ್ತು ಸುಮ್ಮನಿದ್ದೆವು. ಕಾದಂಬರಿಯು ನಮ್ಮ ಮನೆಯ ಹೊಸ್ತಿಲು ದಾಟಿ ಬಂದಿತ್ತು. ಬಳಿಕ ಹೇಳಿದೆವು: “ಅಮ್ಮಾ, ವಿನಿಸಿಯಸನ ಹೃದಯವು ಬರೆದವನ ಲೇಖಣಿಯಲ್ಲಿತ್ತು. ಇವರ ಹೃದಯವು ನಿನ್ನ ಕೈಯಲ್ಲೂ ಇಲ್ಲ, ನಮ್ಮ ಕೈಯಲ್ಲೂ ಇಲ್ಲ. ಕಥೆಯನ್ನೂ ಸರಿಯಾಗಿ ನೋಡು. ತಿದ್ದುತ್ತೇನೆಂದು ಲಿಗಿಯಳು ಅವನ ಮನೆಗೆ ಹೋಗಲಿಲ್ಲ, ಓಡಿಹೋದಳು. ಅವನು ಮೊದಲು ನಂಬಿದನು. ಆಮೇಲೆ ಅವಳು ಮಡದಿಯಾದಳು.”

ಗಂಡನನ್ನು ರಕ್ಷಿಸುವಿಯೆಂದು ನಿನಗೇನು ಗೊತ್ತೆಂದು ಅಪೊಸ್ತಲನು ಕೇಳುವುದು ಮದುವೆಯಾಗಿ ಜೀವಿಸುತ್ತಿರುವವರನ್ನು. ಅಂಥವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅವರು ಸಂಗಾತಿಯನ್ನು ಬಿಡಬಾರದು, ನಾವು ಅವರನ್ನು ಹಗುರವಾಗಿ ಕಾಣಬಾರದು. ಇನ್ನೂ ಆರಿಸಿಕೊಳ್ಳತಕ್ಕವರಿಗಾದರೋ, ವಿಧವೆಯರಿಗೆ ಕೊಟ್ಟ 39ನೆಯ ವಚನದ ಬುದ್ಧಿವಾದವೇ ದೀಪವಾಗಿದೆ.

ಆ ಯುವತಿಯು ಇನ್ನೂ ಉತ್ತರ ಕೊಟ್ಟಿಲ್ಲ, ಪ್ರಾರ್ಥಿಸುತ್ತಿದ್ದಾಳೆ. ನೀವೂ ಪ್ರಾರ್ಥಿಸಿರಿ.

ಕಾದಂಬರಿ ಓದುವುದು ಪಾಪವೆಂದು ಹೊನ್ನಾಳಿ, ನ್ಯಾಮತಿ ಕಡೆಯ ಕೆಲವು ಹಿರಿಯರು ಹೇಳುವುದುಂಟು. ನಾವು ಹಾಗೆನ್ನೆವು. ನಂಬಿಕೆಗಾಗಿ ಸತ್ತವರನ್ನು ನೆನೆದು ಅಳುವುದು ಒಳ್ಳೆಯದೇ. ಆದರೆ ಕಥೆಯ ಅಂತ್ಯವನ್ನು ದೇವರ ವಾಗ್ದಾನವೆಂದು ಎಣಿಸಬೇಡಿರಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಈ ಕಥೆಯಲ್ಲಿ ವಾಕ್ಯ, ಚರಿತ್ರೆ, ಪರಂಪರೆ, ಕಲ್ಪನೆ ಯಾವುವು?
2. ವಿನಿಸಿಯಸನನ್ನು ತಿರುಗಿಸಿದ್ದು ಲಿಗಿಯಳ ಸೌಂದರ್ಯವೋ, ಶತ್ರುವಿಗೆ ಸಭೆ ಮಾಡಿದ ಆರೈಕೆಯೋ?
3. ಮಕ್ಕಳು ಇಂಥ ಪ್ರಶ್ನೆಯನ್ನು ಭಯವಿಲ್ಲದೆ ನಮ್ಮ ಮುಂದೆ ಕೇಳಬಲ್ಲರೋ?