ಬೀಚಿಗೆ ಬೆನ್ನು ಮಾಡಿ ಒಂದು ಬೆಳಗು: ಹಳೆಗೋವಾ ನೋಡುವವರಿಗೆ

ಗೋವಾಕ್ಕೆ ಮೂರು ದಿನ ಹೊರಟಿದ್ದೀರಾ? ಅದರಲ್ಲಿ ಒಂದು ಬೆಳಗನ್ನು ಹಳೆಗೋವಾಕ್ಕೆ ಎತ್ತಿಡಿ. ಪಣಜಿಯಿಂದ ಅಲ್ಲಿಗೆ ಸುಮಾರು 10 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ, ಸರ್ಕಾರಿ ಬಸ್ಸಿನ ಮೈಮೇಲೆ ‘ಕದಂಬ’ ಎಂದು ಬರೆದಿರುತ್ತದೆ. ಆ ಹೆಸರು ನೆನಪಿರಲಿ, ವಾಪಸು ಬರುವ ದಾರಿಯಲ್ಲಿ ಬೇಕಾಗುತ್ತದೆ. ರೈಲಿನವರಿಗೆ ಕೊಂಕಣ ರೈಲ್ವೆಯ ಕರ್ಮಲಿ ನಿಲ್ದಾಣ ತೀರಾ ಹತ್ತಿರ. ಬೈಕ್ ಬಾಡಿಗೆಗೆ ಹಿಡಿಯುವುದಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಫಲಕದ್ದು ಖಾಸಗಿ ವಾಹನ, ಅದನ್ನು ಬಾಡಿಗೆಗೆ ಕೊಡುವಂತಿಲ್ಲ.

ಒಂಬತ್ತಕ್ಕೆಲ್ಲ ಅಲ್ಲಿರಿ. ಹೊತ್ತೇರಿದಂತೆ ಟೂರಿಸ್ಟ್ ಬಸ್ಸುಗಳು ಬಂದು ನಿಲ್ಲುತ್ತವೆ, ಸೆಕೆಯೂ ಏರುತ್ತದೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ಇರುವುದರಿಂದ ಬೇರೆ ದಿನವೇ ಲೇಸು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ನೋಡಬೇಕೆಂದಿದ್ದರೆ ಶುಕ್ರವಾರ ಬಿಡಿ, ಅಂದು ಅದಕ್ಕೆ ರಜೆ. ಬೀಚಿನ ಚಡ್ಡಿ, ತೋಳಿಲ್ಲದ ಬನಿಯನ್ನಿನಲ್ಲಿ ಹೋಗಬೇಡಿ. ಇವು ಇಂದಿಗೂ ಜನ ಮೊಣಕಾಲೂರಿ ಪ್ರಾರ್ಥಿಸುವ ಜಾಗಗಳು. ನಮ್ಮೂರ ಗುಡಿಗೆ ಹೋಗುವ ಹಾಗೆಯೇ ಹೋಗಬೇಕು.

ಮೊದಲು 1605ರಲ್ಲಿ ಪೂರ್ಣಗೊಂಡ ಬೋಮ್ ಜೀಸಸ್ ಬೆಸಿಲಿಕಾ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಎತ್ತರದಲ್ಲಿರುವುದರಿಂದ ಕತ್ತೆತ್ತಿ ನೋಡಬೇಕು. ಹತ್ತು ವರ್ಷಕ್ಕೊಮ್ಮೆ ಮಾತ್ರ ಅದನ್ನು ಕೆಳಗಿಳಿಸಿ ಸಾರ್ವಜನಿಕ ದರ್ಶನಕ್ಕಿಡುತ್ತಾರೆ. ಕಳೆದ ಬಾರಿ ಇಟ್ಟದ್ದು 2024ರ ನವೆಂಬರಿನಲ್ಲಿ. ಹೊರಬಂದ ಮೇಲೆ ಗೋಡೆಯ ಹತ್ತಿರ ಹೋಗಿ ನಿಲ್ಲಿ. ನಮ್ಮ ಕರಾವಳಿಯವರು ಮುರಕಲ್ಲು ಎನ್ನುವ ಅದೇ ಕೆಂಪು ಕಲ್ಲು. ಮೊದಲು ಇದಕ್ಕೆ ಗಾರೆ ಇತ್ತು, 1950ರ ದಶಕದಲ್ಲಿ ಕೆತ್ತಿ ತೆಗೆದರು. ಫೋಟೋದಲ್ಲಿ ಎಲ್ಲರೂ ಮೆಚ್ಚುವ ಆ ಕೆಂಪು ಬಣ್ಣ ಹಾಗೆ ಬಯಲಾದದ್ದು. ಆದರೆ ಗೋವಾದ ಮಳೆಗೆ ಬರಿಗಲ್ಲು ನೀರು ಕುಡಿದು ಸವೆಯುತ್ತದೆ. ಮತ್ತೆ ಗಾರೆ ಹಚ್ಚಬೇಕು ಎನ್ನುವವರ ಮಾತಿನಲ್ಲಿ ನನಗಂತೂ ನ್ಯಾಯ ಕಾಣುತ್ತದೆ.

ರಸ್ತೆ ದಾಟಿದರೆ ಸೆ ಕೆಥೆಡ್ರಲ್. ಅದರ ಒಂದು ಗೋಪುರ 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಹೆಚ್ಚಿನವರು ಇಲ್ಲಿಂದಲೇ ವಾಪಸಾಗುತ್ತಾರೆ. ನೀವು ಬೆಸಿಲಿಕಾದ ಪಶ್ಚಿಮಕ್ಕಿರುವ ಗುಡ್ಡ ಹತ್ತಿ. ಸಂತ ಅಗಸ್ಟೀನ್ ಚರ್ಚಿನದು ಉಳಿದಿರುವುದು ಮುಖ್ಯವಾಗಿ 46 ಮೀಟರ್ ಎತ್ತರದ ಅರ್ಧ ಗೋಪುರ, ನೆಲಕ್ಕೆ ಹಾಸಿದ ಗೋರಿಕಲ್ಲುಗಳು, ಮೇಲೆ ಬರೀ ಆಕಾಶ. ಹಂಪಿಯಲ್ಲಿ ಓಡಾಡಿದವರಿಗೆ ಈ ಮೌನ ಪರಿಚಿತ. ಅರ್ಧ ಗಂಟೆಯಾದರೂ ಇಲ್ಲಿರಿ.

ಇನ್ನೊಂದು ಗುರುತನ್ನು ಕೇಳಿಯೇ ಹುಡುಕಬೇಕು. ಸಂತ ಕಜೆಟನ್ ಚರ್ಚಿನ ಎದುರು ಕರಿಕಲ್ಲಿನ ಒಂಟಿ ಬಾಗಿಲು ನಿಂತಿದೆ. 1510ರಲ್ಲಿ ಪೋರ್ಚುಗೀಸರು ಈ ಊರನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಅವರ ಅರಮನೆಯದು ಉಳಿದದ್ದು ಈ ಬಾಗಿಲೊಂದೇ.

ಕಾರಿನಲ್ಲಿ ಬಂದವರು ಮರಳುವಾಗ ಅನಮೋಡ ಘಾಟಿನ ದಾರಿ ಹಿಡಿಯಿರಿ. ಘಾಟಿ ಹತ್ತುವ ಮುಂಚೆ ಮೊಲ್ಲೆಂನ ಹತ್ತಿರ ತಿರುಗಿ ಸುಮಾರು 12 ಕಿಲೋಮೀಟರ್ ಹೋದರೆ ಕಾಡಿನ ನಡುವೆ ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯ. ಊಟ ಮುಗಿಸಿಕೊಂಡೇ ಹೊರಡಿ, ನೀರು ಜೊತೆಗಿರಲಿ, ಕತ್ತಲಾಗುವ ಮೊದಲೇ ಕಾಡಿನಿಂದ ಹೊರಬೀಳಿ. ಮಳೆಗಾಲವಾದರೆ ಇಂಬಳದ ಕಾಟ. ಬಸ್ಸಿನ ಮೇಲೆ ಓದಿದ ಆ ಕದಂಬರ ಕಾಲದ ಗುಡಿ ಇದು. ಚಿಕ್ಕದು, ಮಟ್ಟಸ, ಪೂರ್ವಾಭಿಮುಖ. ಕಲ್ಲು ಇಲ್ಲಿಯದಲ್ಲ, ಘಟ್ಟದ ಮೇಲಿಂದ ಹೊತ್ತು ತಂದ ಬಸಾಲ್ಟ್ ಎನ್ನುತ್ತಾರೆ. ಮಂಟಪದ ನಂದಿಗೆ ತಲೆಯಿಲ್ಲ. ಕಂಬಗಳ ಕೆತ್ತನೆ ನೋಡಿ, ಛಾವಣಿಯ ಕಮಲ ನೋಡಿ, ಪಕ್ಕದ ಹೊಳೆಯಲ್ಲಿ ಕಾಲಿಳಿಬಿಟ್ಟು ಕೂತು ಹೊರಡಿ.

ಘಾಟಿ ಹತ್ತಿ ಲೋಂಡಾ ದಾಟಿದಾಗ ಇನ್ನೂ ಬೆಳಕಿದ್ದರೆ ಖಾನಾಪುರ ತಾಲ್ಲೂಕಿನ ಹಲಸಿಗೂ ಗಾಡಿ ತಿರುಗಿಸಬಹುದು. ಗೋವಾ ಆಳಿದ ಕದಂಬರ ಇನ್ನೊಂದು ರಾಜಧಾನಿ ಅದು.