ಸಾಹಸ ಕಥೆಗಳಲ್ಲಿ ಹೊಗೆಸೊಪ್ಪು

ಹೊರನಾಡಿನ ಕನ್ನಡಿಗರ ಮಕ್ಕಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರೇ ಹೆಚ್ಚು. ಆದಕಾರಣ ರಾಬಿನ್ಸನ್ ಕ್ರೂಸೋ, ಟ್ರೆಷರ್ ಐಲೆಂಡ್, ಟಾಮ್ ಸಾಯರ್ ಮೊದಲಾದ ಪುಸ್ತಕಗಳು ಶಾಲೆಯ ಉಪಪಠ್ಯಗಳಾಗಿಯೋ ಹುಟ್ಟುಹಬ್ಬದ ಉಡುಗೊರೆಗಳಾಗಿಯೋ ಮನೆ ಸೇರುತ್ತವೆ. ಹಿರಿಯರೂ ತಮ್ಮ ಬಾಲ್ಯದಲ್ಲಿ ಇವನ್ನು ಓದಿ ಸಂತೋಷಪಟ್ಟವರೇ. ಆ ನೆನಪಿನ ಬಲದಿಂದ ಅವನ್ನು ನಿಶ್ಚಿಂತೆಯಿಂದ ಮಕ್ಕಳ ಕೈಗೆ ಕೊಡುತ್ತಾರೆ. ಕೊಡತಕ್ಕ ಪುಸ್ತಕಗಳೇ ಹೌದು. ಆದರೆ ನಡುವಯಸ್ಸಿನಲ್ಲಿ ಇವನ್ನು ಮತ್ತೊಮ್ಮೆ ತೆರೆದವರಿಗೆ, ಚಿಕ್ಕಂದಿನಲ್ಲಿ ಗಮನಕ್ಕೇ ಬಾರದಿದ್ದ ಒಂದು ವಸ್ತು ಮತ್ತೆ ಮತ್ತೆ ಎದುರಾಗುತ್ತದೆ. ಅದು ಹೊಗೆಸೊಪ್ಪಿನ ಪೈಪು.

ಕಡಲ್ಗಳ್ಳನೂ ಪೈಪು ಸೇದುತ್ತಾನೆ. ಅವನನ್ನು ಹಿಡಿಯಹೊರಟ ಸಭ್ಯನೂ ಸೇದುತ್ತಾನೆ. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಕಥೆಯ ಆರಂಭದಲ್ಲಿ, ಕಾಲ್ಬೆರಳನ್ನು ಮುಟ್ಟುವಷ್ಟು ಉದ್ದದ ಮರದ ಪೈಪನ್ನು ಹಿಡಿದು ಬಾಗಿಲಲ್ಲಿ ನಿಂತ ಬಿಲ್ಬೋನನ್ನು ಕಾಣುತ್ತೇವೆ. ಅವನ ಮನೆಗೆ ಬಂದ ಮಾಂತ್ರಿಕ ಗ್ಯಾಂಡಾಲ್ಫ್ ಹೊಗೆಯ ಉಂಗುರಗಳಿಂದಲೇ ಮಾಯಾಜಾಲವನ್ನು ತೋರಿಸುತ್ತಾನೆ. ಟಿನ್‌ಟಿನ್ ಚಿತ್ರಕಥೆಗಳ ಕ್ಯಾಪ್ಟನ್ ಹ್ಯಾಡಕ್‌ನನ್ನು ಪೈಪಿಲ್ಲದೆ ಊಹಿಸಿಕೊಳ್ಳುವುದೇ ಕಷ್ಟ. ಈ ಎಲ್ಲ ಕಥೆಗಳಲ್ಲಿಯೂ ಪೈಪು ಒಂದು ಬಗೆಯ ಸಂಕೇತಭಾಷೆ. ವಿರಾಮ, ಆಲೋಚನೆ, ಧೈರ್ಯ, ಸ್ನೇಹ ಇವನ್ನು ಮಾತಿಲ್ಲದೆ ಹೇಳಲು ಲೇಖಕನಿಗೆ ಅದು ಸುಲಭವಾದ ಸಾಧನ. ಹಾಗಾದರೆ ಮಗುವಿನ ಮನಸ್ಸಿನ ಮೇಲೆ ಹೆಚ್ಚು ಪ್ರಭಾವ ಬೀರುವ ಪೈಪು ಯಾವುದು? ದುಷ್ಟನದೇ ಎಂದು ಥಟ್ಟನೆ ತೋರಬಹುದು. ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಉತ್ತರ ಬೇರೆಯಾಗುತ್ತದೆ.

ಕಾಲಕ್ರಮದಲ್ಲಿ ಮೊದಲನೆಯದು ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ‘ರಾಬಿನ್ಸನ್ ಕ್ರೂಸೋ’. ಮಕ್ಕಳಿಗೆಂದು ಬರೆದದ್ದಲ್ಲವಾದರೂ ಮಕ್ಕಳು ತಮ್ಮದಾಗಿಸಿಕೊಂಡ ಕೃತಿಯಿದು. ಕ್ರೂಸೋನ ಬಾಳಿನಲ್ಲಿ ಹೊಗೆಸೊಪ್ಪು ಹಡಗು ಒಡೆಯುವುದಕ್ಕೂ ಮೊದಲೇ ಪ್ರವೇಶಿಸುತ್ತದೆ. ಬ್ರೆಜಿಲಿನಲ್ಲಿ ಅವನು ಅದನ್ನು ಬೆಳೆದವನು. ಅಲ್ಲಿನ ತೋಟಗಳ ದುಡಿಮೆಗಾಗಿ ಆಫ್ರಿಕಾದಿಂದ ಗುಲಾಮರನ್ನು ತರಲು ಹೊರಟಾಗಲೇ ಅವನ ಹಡಗು ನಾಶವಾಗುವುದು. ದ್ವೀಪ ಸೇರಿದ ಮೊದಲ ವರ್ಷದಲ್ಲಿಯೇ ಅವನಿಗೆ ಬಿಟ್ಟುಬಿಟ್ಟು ಬರುವ ಚಳಿಜ್ವರ ಹಿಡಿಯುತ್ತದೆ. ಇಂದಿನ ಓದುಗರಿಗೆ ಅದು ಮಲೇರಿಯಾ ಎಂದೇ ತೋರುತ್ತದೆ. ಬ್ರೆಜಿಲಿನ ಜನ ಸಕಲ ರೋಗಕ್ಕೂ ಹೊಗೆಸೊಪ್ಪನ್ನೇ ಮದ್ದಾಗಿ ಬಳಸುತ್ತಾರೆಂಬುದನ್ನು ನೆನೆದು ಅವನು ಪೆಟ್ಟಿಗೆಯನ್ನು ತೆರೆಯುತ್ತಾನೆ. ಅದರಲ್ಲಿ ಹೊಗೆಸೊಪ್ಪೂ ಇದೆ, ಬೈಬಲ್ ಗ್ರಂಥವೂ ಇದೆ.

ಅನಂತರ ಅವನು ನಡೆಸುವ ಚಿಕಿತ್ಸೆ ವಿಚಿತ್ರವಾದದ್ದು. ಮೊದಲು ಎಲೆಯ ತುಂಡೊಂದನ್ನು ಅಗಿಯುತ್ತಾನೆ, ತಲೆ ಮಂಕಾಗುತ್ತದೆ. ಸ್ವಲ್ಪ ಎಲೆಯನ್ನು ಒಂದೆರಡು ಗಂಟೆ ರಮ್ ಮದ್ಯದಲ್ಲಿ ನೆನೆಹಾಕುತ್ತಾನೆ. ಮತ್ತೆ ಸ್ವಲ್ಪವನ್ನು ಕೆಂಡದ ಮೇಲೆ ಹಾಕಿ ಆ ಹೊಗೆಗೆ ಮೂಗು ಒಡ್ಡುತ್ತಾನೆ. ಕೊನೆಗೆ ಗಂಟಲಿನಲ್ಲಿ ಇಳಿಯದಷ್ಟು ಘಾಟಾದ ಆ ರಮ್ಮನ್ನು ಕುಡಿದು ಮಲಗುತ್ತಾನೆ. ಎದ್ದದ್ದು ಮರುದಿನ ಮಧ್ಯಾಹ್ನವೋ ಅದರ ಮರುದಿನವೋ ಅವನಿಗೇ ತಿಳಿಯದು. ಮುಂದೆ ಎಷ್ಟೋ ವರ್ಷಗಳ ಮೇಲೆ ದಿನಗಳ ಲೆಕ್ಕದಲ್ಲಿ ಒಂದು ದಿನ ಕಡಿಮೆ ಬಂದಾಗ ಆ ನಿದ್ರೆಯ ಮೇಲೆಯೇ ಸಂಶಯಪಡುತ್ತಾನೆ. ನಿಕೋಟಿನ್ ನೀರಿನಲ್ಲಿಯೂ ಮದ್ಯಸಾರದಲ್ಲಿಯೂ ಸುಲಭವಾಗಿ ಕರಗುವ ವಿಷ. ಬಹುಕಾಲ ಬೆಳೆಗಳಿಗೆ ಕೀಟನಾಶಕವಾಗಿ ಸಿಂಪಡಿಸಿದ ವಸ್ತು. ಜ್ವರಪೀಡಿತನೊಬ್ಬ ಅದರ ಕಷಾಯವನ್ನು ಕುಡಿದು ಬದುಕಿದ್ದು ಲೇಖಕನ ದಯೆಯಿಂದ ಎನ್ನಬೇಕಾಗಿದೆ.

ಆದರೆ ಡಿಫೋನನ್ನು ಹಳಿಯುವಂತಿಲ್ಲ. ಅವನು ತನ್ನ ಕಾಲದ ನಂಬಿಕೆಯನ್ನು ಬರೆದನು. ಸ್ಪೇನಿನ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1571ರಷ್ಟು ಹಿಂದೆಯೇ ಹೊಗೆಸೊಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಬೇನೆಗಳಿಗೆ ಮದ್ದೆಂದು ಕೊಂಡಾಡಿದ್ದನು. 1665ರ ಲಂಡನ್ ಪ್ಲೇಗಿನ ಕಾಲದಲ್ಲಿ ಈಟನ್ ಶಾಲೆಯ ಹುಡುಗರು ರೋಗನಿವಾರಣೆಗೆಂದು ದಿನವೂ ಹೊಗೆ ಸೇದಬೇಕಾಗಿತ್ತೆಂದೂ, ಸೇದದೆ ತಪ್ಪಿಸಿಕೊಂಡವನಿಗೆ ಛಡಿಯೇಟು ಬಿತ್ತೆಂದೂ ಹಳೆಯ ದಾಖಲೆಯೊಂದಿದೆ. ಕಾಲ ಹೇಗೆ ಬದಲಾಗುತ್ತದೆ ನೋಡಿ!

ಕ್ರೂಸೋ ಲೆಕ್ಕದಲ್ಲಿ ನಿಷ್ಠನಾದ ಮನುಷ್ಯ. ತನ್ನ ಸ್ಥಿತಿಯ ಕೆಡುಕು-ಒಳಿತುಗಳನ್ನು ವ್ಯಾಪಾರಿಯಂತೆ ಜಮಾ-ಖರ್ಚಿನ ಎರಡು ಅಂಕಣಗಳಲ್ಲಿ ಬರೆದಿಡುವವನು. ಆ ಪಟ್ಟಿಯಲ್ಲಿ ಹೊಗೆಸೊಪ್ಪು ಯಾವ ಪಕ್ಕಕ್ಕೂ ಬರುವುದಿಲ್ಲ. ಆದರೆ ಮಣ್ಣಿನಿಂದ ಒಡ್ಡೊಡ್ಡಾದ ಒಂದು ಪೈಪನ್ನು ಸುಟ್ಟು ತಯಾರಿಸಿದ ದಿನ ಅವನಿಗಾದ ಹೆಮ್ಮೆ ಬೇರಾವ ವಸ್ತುವಿನಿಂದಲೂ ಆಗಲಿಲ್ಲವಂತೆ. ಚಟವೆಂಬುದು ಯಾವ ಲೆಕ್ಕಪುಸ್ತಕದಲ್ಲಿಯೂ ತನ್ನ ಹೆಸರಿನಿಂದ ಕಾಣಿಸಿಕೊಳ್ಳುವುದಿಲ್ಲ.

ಇನ್ನು ‘ಟ್ರೆಷರ್ ಐಲೆಂಡ್’. ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರ ಬೇಸಗೆಯಲ್ಲಿ ತನ್ನ ಮಲಮಗನಿಗಾಗಿ ಆರಂಭಿಸಿದ ಈ ಕಥೆ 1883ರಲ್ಲಿ ಪುಸ್ತಕವಾಯಿತು. ಒಂಟಿಗಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಸಂಧಾನಕ್ಕಾಗಿ ಕೋಟೆಯ ಬಳಿಗೆ ಬಂದು, ಕ್ಯಾಪ್ಟನ್ ಸ್ಮಾಲೆಟ್‌ನ ಎದುರು ಕುಳಿತು ಪೈಪು ಹಚ್ಚುವ ಸನ್ನಿವೇಶ ಎಲ್ಲರಿಗೂ ನೆನಪಿರುತ್ತದೆ. ಇಬ್ಬರೂ ಮಾತಿಲ್ಲದೆ ಸೇದುತ್ತಾರೆ, ಪರಸ್ಪರ ಮುಖ ನೋಡುತ್ತಾರೆ, ಬಾಗಿ ಉಗುಳುತ್ತಾರೆ. ನಾಟಕ ನೋಡಿದಂತಾಗುತ್ತದೆಂದು ಹುಡುಗ ಜಿಮ್ ಹೇಳುತ್ತಾನೆ. ಓದುವ ಹುಡುಗನಿಗೂ ಅದು ನಾಟಕವೇ. ಅದನ್ನು ಅನುಕರಿಸಬೇಕೆಂದು ಅವನಿಗೆ ತೋರುವುದು ಕಡಿಮೆ.

ಡಾಕ್ಟರ್ ಲಿವ್ಸೀಯ ಮಾತು ಹಾಗಲ್ಲ. ಮೊದಲ ಅಧ್ಯಾಯದಲ್ಲಿ ಕುಡುಕ ನಾವಿಕ ಬಿಲ್ಲಿ ಬೋನ್ಸ್ ಮೇಜು ಗುದ್ದಿ ಎಲ್ಲರೂ ಸುಮ್ಮನಿರಬೇಕೆಂದು ಅಬ್ಬರಿಸುತ್ತಾನೆ. ವಸತಿಗೃಹದಲ್ಲಿದ್ದವರೆಲ್ಲ ಬೆದರಿ ಬಾಯಿ ಮುಚ್ಚುತ್ತಾರೆ. ಲಿವ್ಸೀ ಒಬ್ಬನೇ ಎರಡು ಮಾತಿಗೊಮ್ಮೆ ಪೈಪನ್ನು ಎಳೆಯುತ್ತ ಶಾಂತವಾಗಿ ಮಾತು ಮುಂದುವರಿಸುತ್ತಾನೆ. ಚಾಕು ಹೊರಬಂದಾಗಲೂ ಅಲುಗುವುದಿಲ್ಲ. ಈತ ವೈದ್ಯ, ಜೊತೆಗೆ ಮ್ಯಾಜಿಸ್ಟ್ರೇಟ್; ಶುಭ್ರವಾದ ಉಡುಪು, ಸ್ಪಷ್ಟವಾದ ನುಡಿ, ನಿರ್ಭಯ. ಮಗುವಿನ ವಿಶ್ವಾಸಕ್ಕೆ ಇದಕ್ಕಿಂತ ಅರ್ಹನಾದ ವ್ಯಕ್ತಿ ಆ ಕಥೆಯಲ್ಲಿಯೇ ಇಲ್ಲ. ಕಳ್ಳನ ಪೈಪಿಗಿಂತ ಈ ಸಜ್ಜನನ ಪೈಪೇ ಹೆಚ್ಚು ಪ್ರಬಲವಾದದ್ದು. ಧೈರ್ಯವೂ ಪೈಪೂ ಒಂದೇ ಚಿತ್ರದಲ್ಲಿ ಬೆರೆತು ಹೋಗಿ, ಒಂದರಿಂದ ಇನ್ನೊಂದು ಬಂದಿತೋ ಎಂಬಂತೆ ಮನಸ್ಸಿನಲ್ಲಿ ನೆಲೆಸುತ್ತವೆ.

ಮುಂದಿನ ಅಧ್ಯಾಯದಲ್ಲಿ ಅದೇ ನಾವಿಕನಿಗೆ ಪಾರ್ಶ್ವವಾಯು ಬಡಿಯುತ್ತದೆ. ಲಿವ್ಸೀ ಅವನಿಗೆ ಕೊಡುವ ಎಚ್ಚರಿಕೆ ವೈದ್ಯಕೀಯವಾಗಿ ಬಹು ಸೂಕ್ಷ್ಮವಾದದ್ದು. ಒಂದು ಲೋಟ ರಮ್ ನಿನ್ನನ್ನು ಕೊಲ್ಲಲಾರದು, ಆದರೆ ಒಂದನ್ನು ಕುಡಿದರೆ ಇನ್ನೊಂದನ್ನು, ಅದರ ಮೇಲೆ ಮತ್ತೊಂದನ್ನು ಕುಡಿಯುವೆ, ಅದೇ ನಿನ್ನ ಸಾವು ಎಂಬುದು ಅದರ ತಾತ್ಪರ್ಯ. ನಾವಿಕ ಕೇಳುವುದಿಲ್ಲ, ಸಾಯುತ್ತಾನೆ. ಚಟದ ಸ್ವರೂಪವನ್ನು ಇಷ್ಟು ಚೆನ್ನಾಗಿ ಬಲ್ಲ ವೈದ್ಯ ತನ್ನ ಪೈಪಿಗೆ ಆ ತರ್ಕವನ್ನು ಅನ್ವಯಿಸುವುದಿಲ್ಲ! ಇದೂ ಕಾಲದೋಷವೇ; ಕಥೆ ನಡೆಯುವ ಹದಿನೆಂಟನೆಯ ಶತಮಾನದಲ್ಲಾಗಲಿ, ಅದನ್ನು ಬರೆದ ಹತ್ತೊಂಬತ್ತನೆಯ ಶತಮಾನದಲ್ಲಾಗಲಿ ಬಹುಪಾಲು ವೈದ್ಯರು ಅನ್ವಯಿಸಿರಲಿಲ್ಲ. ಬಾಲ್ಯದಿಂದ ಶ್ವಾಸಕೋಶದ ಬೇನೆಯಲ್ಲಿ ನರಳಿದ ಸ್ಟೀವನ್‌ಸನ್ ತಾನೇ ಎಡೆಬಿಡದೆ ಸಿಗರೇಟು ಸೇದುತ್ತಿದ್ದವನು. ಒಂದು ಸ್ವಾರಸ್ಯವನ್ನು ಮಾತ್ರ ಹೇಳದೆ ಬಿಡಲಾಗದು. ಲಿವ್ಸೀ ಸದಾ ಒಂದು ನಶ್ಯದ ಡಬ್ಬಿಯನ್ನು ಇಟ್ಟುಕೊಂಡಿರುತ್ತಾನೆ, ಆದರೆ ಅವನು ನಶ್ಯ ಏರಿಸುವುದನ್ನು ಯಾರೂ ಕಂಡಿಲ್ಲ. ಆ ಡಬ್ಬಿಯಲ್ಲಿರುವುದು ಇಟಲಿಯ ಗಿಣ್ಣಿನ ಒಂದು ತುಂಡು. ದ್ವೀಪದಲ್ಲಿ ಮೂರು ವರ್ಷ ಗಿಣ್ಣಿಗಾಗಿ ಹಂಬಲಿಸಿದ ಬೆನ್ ಗನ್ನನಿಗೆ ಅದು ಮೀಸಲಾಗುತ್ತದೆ. ಪೈಪಿನ ವಿಷಯದಲ್ಲಿಯೂ ಲಿವ್ಸೀ ಹೀಗೆಯೇ ಮಾಡಿದ್ದರೆ ಚೆನ್ನಾಗಿತ್ತು.

ಈ ಸಾಲಿನಲ್ಲಿ ದೇಹದ ಸತ್ಯವನ್ನು ಮರೆಮಾಚದೆ ಬರೆದವನು ಮಾರ್ಕ್ ಟ್ವೇನ್. 1876ರ ‘ಟಾಮ್ ಸಾಯರ್’ ಕಾದಂಬರಿಯ ಹದಿನಾರನೆಯ ಅಧ್ಯಾಯದಲ್ಲಿ, ಮನೆಬಿಟ್ಟು ಮಿಸಿಸಿಪ್ಪಿ ನದಿಯ ನಡುಗಡ್ಡೆಯಲ್ಲಿ ಸೇರಿದ ಮೂವರು ಹುಡುಗರಲ್ಲಿ ಹಕ್ ಫಿನ್ ಉಳಿದಿಬ್ಬರಿಗೆ ಹೊಗೆ ಸೇದಲು ಕಲಿಸುತ್ತಾನೆ. ಹಕ್ ಮೆಕ್ಕೆಜೋಳದ ದಿಂಡನ್ನು ಕೊರೆದು ಪೈಪು ಮಾಡಿಕೊಳ್ಳುವ ಹುಡುಗ. ಟಾಮ್ ಮತ್ತು ಜೋ ಅದುವರೆಗೆ ದ್ರಾಕ್ಷಿಬಳ್ಳಿಯನ್ನು ಚುಟ್ಟಾದಂತೆ ಹೊತ್ತಿಸಿದ್ದರೇ ಹೊರತು ನಿಜವಾದ ಹೊಗೆಸೊಪ್ಪನ್ನು ಮುಟ್ಟಿರಲಿಲ್ಲ. ಕೆಲವು ಸಲ ಎಳೆಯುತ್ತಲೇ ಇದೇನು ಮಹಾ ಎಂದು ಜಂಭ ಕೊಚ್ಚುತ್ತಾರೆ. ಊರಿಗೆ ಹೋದಾಗ ಗೆಳೆಯರ ಎದುರಿಗೆ ಏನೂ ಅಲ್ಲವೆಂಬಂತೆ ಪೈಪು ತೆಗೆದು ಸೇದಬೇಕು, ಅವರ ಮುಖ ನೋಡಬೇಕು ಎಂದು ಹಂಚಿಕೆ ಹಾಕುತ್ತಾರೆ. ಹೊಗೆಯ ರುಚಿಗಿಂತ ಈ ನೋಟದ ಆಸೆಯೇ ಅವರನ್ನು ಸೆಳೆಯುವುದೆಂಬುದನ್ನು ಗಮನಿಸಬೇಕು. ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ಮೊದಲ ಸಿಗರೇಟು ಹಚ್ಚುವ ಹುಡುಗನ ಮನಸ್ಸು ಇಂದಿಗೂ ಇದೇ.

ಅಷ್ಟರಲ್ಲಿ ಮಾತು ಸೊರಗುತ್ತದೆ. ಬಾಯಿಯಲ್ಲಿ ತಡೆಯಲಾರದಷ್ಟು ಜೊಲ್ಲು ಸುರಿಯತೊಡಗುತ್ತದೆ, ಮುಖ ಬಿಳಿಚುತ್ತದೆ, ಓಕರಿಕೆ ಬರುತ್ತದೆ. ಒಬ್ಬನಿಗೆ ಕಳೆದುಹೋದ ಚಾಕುವಿನ ನೆನಪಾಗುತ್ತದೆ. ಇನ್ನೊಬ್ಬ ತಾನೂ ಹುಡುಕುವೆನೆಂದು ಏಳುತ್ತಾನೆ. ಹಕ್ ಬರುವೆನೆಂದರೆ ಬೇಡವೆನ್ನುತ್ತಾರೆ. ಒಂದು ಗಂಟೆಯ ಮೇಲೆ ಅವನು ಹುಡುಕಿಕೊಂಡು ಹೋದಾಗ ಇಬ್ಬರೂ ಕಾಡಿನಲ್ಲಿ ದೂರ ದೂರ ಬಿದ್ದು ಗಾಢವಾಗಿ ನಿದ್ರಿಸುತ್ತಿರುತ್ತಾರೆ. ರಾತ್ರಿಯ ಊಟದ ಮೇಲೆ ಹಕ್ ಮತ್ತೆ ಪೈಪು ಸಿದ್ಧಮಾಡಹೊರಟರೆ, ಮಧ್ಯಾಹ್ನ ತಿಂದದ್ದು ಒಗ್ಗಲಿಲ್ಲವೆಂಬ ನೆಪ ಬರುತ್ತದೆ.

ಇದು ಕೇವಲ ಹಾಸ್ಯವಲ್ಲ. ನಿಕೋಟಿನ್ ವಿಷಪ್ರಭಾವದ ಯಥಾರ್ಥ ವರ್ಣನೆ. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬವರು ಹೊಗೆಸೊಪ್ಪಿನಿಂದ ಬೇರ್ಪಡಿಸಿದ ಈ ವಸ್ತು, ನರಗಳು ಪರಸ್ಪರ ಸಂದೇಶಕ್ಕಾಗಿ ಬಳಸುವ ಒಂದು ಸಹಜ ರಾಸಾಯನಿಕದ ಸ್ಥಾನವನ್ನು ಆಕ್ರಮಿಸುತ್ತದೆ. ಜೊಲ್ಲು, ಬೆವರು, ಬಿಳಿಚುವಿಕೆ, ವಾಂತಿ ಇವು ಅದರ ಫಲ. ಪೈಪು ಸೇದುವವರು ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಆದರೆ ಪೈಪಿನ ಹೊಗೆ ಸಿಗರೇಟಿನ ಹೊಗೆಗಿಂತ ಹೆಚ್ಚು ಕ್ಷಾರಗುಣವುಳ್ಳದ್ದು. ಆ ಸ್ಥಿತಿಯಲ್ಲಿ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತವನ್ನು ಸೇರುತ್ತದೆ. ಟಾಮ್ ಬಾಯಿಗಷ್ಟೇ ಎಳೆದುಕೊಂಡಿದ್ದರೂ ಹೀಗಾಗುವುದು ಸಹಜ.

ಬಹುಮಂದಿ ಹಿರಿಯರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ನೋಡಿದೆಯಾ ಮಗು, ಸೇದಿದರೆ ಹೀಗಾಗುತ್ತದೆ ಎನ್ನುತ್ತಾರೆ. ಟ್ವೇನ್ ಇಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ ಹುಡುಗರು ಇಂಡಿಯನ್ನರ ಆಟವಾಡಿ ಶಾಂತಿಯ ಪೈಪನ್ನು ಸೇದಬೇಕಾಗುತ್ತದೆ. ಈ ಸಲ ಚಾಕು ಹುಡುಕಲು ಹೋಗುವಷ್ಟು ಸಂಕಟವಾಗುವುದಿಲ್ಲ. ಊಟವಾದ ಮೇಲೆ ಎಚ್ಚರಿಕೆಯಿಂದ ಅಭ್ಯಾಸ ಮಾಡುತ್ತಾರೆ, ಅಭ್ಯಾಸ ಫಲಿಸುತ್ತದೆ. ದೇಹ ಮೊದಲು ಪ್ರತಿಭಟಿಸಿ ಅನಂತರ ವಿಷಕ್ಕೆ ಹೊಂದಿಕೊಳ್ಳುವ ಈ ಕ್ರಿಯೆಯನ್ನು ವೈದ್ಯಶಾಸ್ತ್ರ ಸಹಿಷ್ಣುತೆ ಎನ್ನುತ್ತದೆ. ಚಟಕ್ಕೆ ದಾರಿಯಾಗುವುದು ಇದೇ. ಹದಿನೆಂಟನೆಯ ಅಧ್ಯಾಯದಲ್ಲಿ ಊರಿಗೆ ಮರಳಿದ ಟಾಮ್ ಮತ್ತು ಜೋ ಗೆಳೆಯರ ನಡುವೆ ಪೈಪು ಸೇದುತ್ತ ತಿರುಗಾಡಿ ಕೀರ್ತಿಯ ಶಿಖರವನ್ನೇರುತ್ತಾರೆ. ಕಾಡಿನಲ್ಲಿ ಪಟ್ಟ ಪಾಡು ಆ ಹೊತ್ತಿಗೆ ಮರೆತುಹೋಗಿದೆ.

ಪ್ರತಿಜ್ಞೆಗಳ ವಿಷಯಕ್ಕೂ ಈ ಪುಸ್ತಕದಲ್ಲಿ ಒಂದು ಪಾಠವಿದೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಟಾಮ್ ಹೊಗೆ ಸೇದುವುದಿಲ್ಲವೆಂದು ಮಾತುಕೊಟ್ಟು ಬಾಲಕರ ಸಂಯಮ ಸಂಘವೊಂದನ್ನು ಸೇರುತ್ತಾನೆ. ಆಕರ್ಷಣೆ ಸಂಯಮದ್ದಲ್ಲ, ಸಂಘದ ಕೆಂಪು ಪಟ್ಟಿಯದು. ಅದನ್ನು ಧರಿಸಿ ಮೆರೆಯಲು ಒಂದು ಮೆರವಣಿಗೆ ಬೇಕು. ಊರಿನ ವೃದ್ಧ ನ್ಯಾಯಾಧೀಶ ಸಾಯುವುದನ್ನು ಕಾಯುತ್ತಾನೆ! ಆತ ಚೇತರಿಸಿಕೊಂಡನೆಂದು ಕೇಳಿ ಬೇಸತ್ತು ರಾಜೀನಾಮೆ ಕೊಟ್ಟ ರಾತ್ರಿಯೇ ನ್ಯಾಯಾಧೀಶ ತೀರಿಕೊಳ್ಳುತ್ತಾನೆ. ಮಾಡುವುದಿಲ್ಲವೆಂದು ಮಾತುಕೊಟ್ಟ ಮೇಲೆ ಅದನ್ನೇ ಮಾಡಬೇಕೆಂಬ ಆಸೆ ಇಮ್ಮಡಿಸುತ್ತದೆಂದು ಟಾಮ್ ಕಂಡುಕೊಳ್ಳುತ್ತಾನೆ. ಶಾಲೆಗಳಲ್ಲಿ ಸಾಲಾಗಿ ನಿಲ್ಲಿಸಿ ಪ್ರಮಾಣವಚನ ಮಾಡಿಸುವವರು ಈ ಅಧ್ಯಾಯವನ್ನೊಮ್ಮೆ ಓದುವುದು ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ದಿ ಹಾಬಿಟ್’ ಬರೆದ ಟೋಲ್ಕಿನ್ ಪೈಪಿನ ಭಕ್ತನಾಗಿದ್ದೂ 81 ವರ್ಷ ಬಾಳಿದನಲ್ಲ? ನಿಜ. ಜಾಮೀನಿಲ್ಲದೆ ಕೊಟ್ಟ ಒಂದು ಸಾಲ ಬಡ್ಡಿಸಹಿತ ಹಿಂದಿರುಗಿತೆಂದು ಅದನ್ನೇ ನಿಯಮವಾಗಿಸುವ ಸಾಹುಕಾರ ಎಲ್ಲಿಯೂ ಇಲ್ಲ. ಅನೇಕರ ಲೆಕ್ಕವನ್ನು ಒಟ್ಟಿಗೆ ನೋಡಬೇಕು. ಅಂಥ ಲೆಕ್ಕ ಆರಂಭವಾದದ್ದು 1951ರಲ್ಲಿ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಆ ವರ್ಷ ಸುಮಾರು 40,000 ವೈದ್ಯರ ಧೂಮಪಾನದ ವಿವರ ಪಡೆದು, ಅವರ ಆಯುಷ್ಯವನ್ನು ಅನುಸರಿಸತೊಡಗಿದರು. ಲಿವ್ಸೀಯ ವಂಶಸ್ಥರೇ ಪರೀಕ್ಷೆಗೆ ಒಳಗಾದರೆನ್ನಬಹುದು. ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬಿಡದೆ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ಸತ್ತಿದ್ದರು. ಪೈಪನ್ನು ಮಾತ್ರ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸಿಗರೇಟಿನವರಿಗಿಂತ ಕಡಿಮೆ, ಸೇದದವರಿಗಿಂತ ಹೆಚ್ಚು. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯದಿಂದ ಅವರಿಗೂ ಬಿಡುಗಡೆಯಿಲ್ಲ. ಪೈಪು ಸೇದುವವರಲ್ಲಿ ತುಟಿಯ ಕ್ಯಾನ್ಸರು ಹೆಚ್ಚೆಂಬುದನ್ನು ಜರ್ಮನ್ ವೈದ್ಯ ಸೊಮ್ಮರಿಂಗ್ 1795ರಲ್ಲಿಯೇ ಗುರುತಿಸಿದ್ದನು. 1964ರ ಅಮೆರಿಕದ ಸರ್ಜನ್ ಜನರಲ್ ವರದಿ ಅದನ್ನು ದೃಢಪಡಿಸಿತು.

ಹಾಗೆಂದು ಈ ಪುಸ್ತಕಗಳ ಪುಟಗಳನ್ನು ಹರಿಯುವುದಾಗಲಿ, ಪೈಪನ್ನು ಅಳಿಸಿ ಮುದ್ರಿಸುವುದಾಗಲಿ ಸರಿಯಲ್ಲ. ಲಿವ್ಸೀಯ ಪೈಪಿನ ಬಳಿ ಒಂದು ಕ್ಷಣ ನಿಂತು, ಈತ ಪೈಪಿಲ್ಲದೆ ಚಾಕುವಿನೆದುರು ಕುಳಿತಿದ್ದರೆ ಧೈರ್ಯ ಕಡಿಮೆಯಾಗುತ್ತಿತ್ತೇ ಎಂದು ಮಗುವನ್ನು ಕೇಳಿದರೆ ಸಾಕು. ಟಾಮ್ ಸಾಯರನ ಹದಿನಾರನೆಯ ಅಧ್ಯಾಯವನ್ನು ಓದಿಸಿದವರು ಹದಿನೆಂಟು, ಇಪ್ಪತ್ತೆರಡನ್ನೂ ಓದಿಸಬೇಕು. ಸಂಕ್ಷಿಪ್ತ ಆವೃತ್ತಿಯಲ್ಲಿ ಅವು ಇಲ್ಲದಿದ್ದರೆ ಮೂಲವನ್ನೇ ತರಿಸುವುದು ಮೇಲು.

ಭಾರತದ ಮಕ್ಕಳ ಎದುರಿಗೆ ಪೈಪು ಬರುವುದು ಅಪರೂಪ; ಬರುವುದು ಬೀಡಿ, ಸಿಗರೇಟು, ಅದಕ್ಕೂ ಹೆಚ್ಚಾಗಿ ಅಗಿಯುವ ಹೊಗೆಸೊಪ್ಪು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸೇದುವವರು ಶೇಕಡ 10.7, ಹೊಗೆಯಿಲ್ಲದ ರೂಪದಲ್ಲಿ ಬಳಸುವವರು ಶೇಕಡ 21.4. ಹದಿನೆಂಟರೊಳಗಿನವರಿಗೆ ಮಾರಬಾರದೆಂಬ 2003ರ ಕಾನೂನು ಅಂಗಡಿಯವನಿಗೆ ಅನ್ವಯಿಸುತ್ತದೆ. ಮನೆಯೊಳಗಿನ ಡಬ್ಬಿಗೆ ಅನ್ವಯಿಸುವುದಿಲ್ಲ. ಟ್ವೇನನ ಇನ್ನೊಂದು ಕಾದಂಬರಿ ‘ಹಕಲ್‌ಬೆರಿ ಫಿನ್’ನ ಮೊದಲ ಅಧ್ಯಾಯದಲ್ಲಿ ಹಕ್‌ನನ್ನು ಸಾಕುವ ವಿಧವೆ, ಸೇದುವುದು ಕೆಟ್ಟ ಅಭ್ಯಾಸವೆಂದು ಅವನ ಪೈಪಿಗೆ ಅಡ್ಡಿಮಾಡುತ್ತಾಳೆ. ಆಕೆ ಮಾತ್ರ ನಶ್ಯ ಏರಿಸುತ್ತಾಳೆ. ತಾನು ಮಾಡುವುದರಿಂದ ಅದು ತಪ್ಪಲ್ಲವೆಂಬುದು ಆಕೆಯ ನ್ಯಾಯವೆಂದು ಹುಡುಗ ಕಂಡುಕೊಳ್ಳುತ್ತಾನೆ. ನಶ್ಯದ ಅತಿಬಳಕೆಯಿಂದ ಮೂಗಿನಲ್ಲಿ ಗಂಟುಗಳಾಗುತ್ತವೆಂದು ಲಂಡನ್ನಿನ ಜಾನ್ ಹಿಲ್ ಎಚ್ಚರಿಸಿದ್ದು 1761ರಲ್ಲಿ. ಹಕ್‌ನ ಆ ಮಾತನ್ನು ಓದಿದ ಮಗು ಪುಸ್ತಕದಿಂದ ತಲೆಯೆತ್ತಿ ಅಜ್ಜನ ನಶ್ಯದ ಡಬ್ಬಿಯತ್ತಲೋ ಚಿಕ್ಕಪ್ಪನ ಜರ್ದಾ ಪೊಟ್ಟಣದತ್ತಲೋ ನೋಡಿದರೆ, ಅದನ್ನು ಮರೆಮಾಡುವ ಬದಲು ಉತ್ತರ ಹೇಳಲು ಹಿರಿಯರು ಸಿದ್ಧರಾಗಿರಬೇಕಾಗುತ್ತದೆ.